ಪುಷ್ಯದ ಚಳಿಯಲ್ಲಿ ಸೊರಗಿದ ಹೇಂಟೆ

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ. ಎರಡೂವರೆ ಎಕರೆ ಕಾಫಿ, ಹಿತ್ತಲಲ್ಲಿ ಹನ್ನೊಂದು ಕೋಳಿ. ಏಳು ನಾಟಿ ಹೇಂಟೆ, ಮೂರು ಗಿರಿರಾಜ ತಳಿಯ ಹೇಂಟೆ, ಎಲ್ಲರ ಮೇಲೆ ದರ್ಬಾರು ಮಾಡುವ ಒಂದು ಹುಂಜ. ಡಿಸೆಂಬರ್ ಬಂತು ಅಂದರೆ ನಮ್ಮಲ್ಲಿ ಹಣ್ಣು ಕೊಯ್ಲು. ಮನೆಮಂದಿಯೆಲ್ಲ ತೋಟದಲ್ಲಿ. ಬೆಳಗ್ಗೆ ಗೂಡಿನ ಬಾಗಿಲು ತೆಗೆದು ಓಡುತ್ತೇವೆ, ಕತ್ತಲಾದ ಮೇಲೆ ಬಂದು ಮುಚ್ಚುತ್ತೇವೆ. ಈ ನಡುವೆ ಒಂದು ಹೇಂಟೆ ಸೊರಗುತ್ತಾ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಳಿಯೂ ಹಾಗೆಯೇ, ಕಾಯಿಲೆಯನ್ನು ಕೊನೆತನಕ ಮುಚ್ಚಿಡುತ್ತದೆ. ಸೋತಿದ್ದೇನೆ ಅಂತ ತೋರಿಸಿದರೆ ಉಳಿದವು ಕುಕ್ಕಿ ಓಡಿಸುತ್ತವಲ್ಲ, ಅದಕ್ಕೆ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ, ಪಾಪ ಚಳಿ ಅಂತ ಗೂಡಿನ ಸುತ್ತ ನೀಲಿ ಟಾರ್ಪಾಲು ಬಿಗಿದೆ. ಒಂದು ಸಂದೂ ಬಿಡಲಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವ ಘಾಟು. ಟಾರ್ಪಾಲಿನ ಒಳಮೈಯಲ್ಲಿ ಮಳೆ ಬಂದ ಹಾಗೆ ನೀರಿನ ಹನಿ. ಆಗಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ. ವಾರದೊಳಗೆ ಮೂರು ಕೋಳಿಗೆ ಉಸಿರಾಡುವಾಗ ಗೊರ ಗೊರ ಶಬ್ದ ಶುರುವಾಯಿತು. ಎರಡು ಹೋದವು.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕೂತಿತು ಅಂದರೆ ರಗ್ಗು ಹೊದ್ದ ಹಾಗೆ. ಒಣಗಿದ ಗೂಡು, ತುಂಬಿದ ಹೊಟ್ಟೆ ಇದ್ದರೆ ನಮ್ಮ ಮಲೆನಾಡಿನ ರಾತ್ರಿ ಗಟ್ಟಿ ಕೋಳಿಗೆ ಏನೂ ಮಾಡುವುದಿಲ್ಲ. ಕೆಡಿಸುವುದು ತೇವ. ಹಿಕ್ಕೆಯಿಂದ ಏಳುವ ಘಾಟು, ಉಸಿರಿನ ಹಸಿ, ಹೊರಗಿನ ಮಂಜು ಮೂರೂ ಸೇರಿ ಒಳಗೇ ನಿಂತರೆ ಅವುಗಳ ಎದೆ ಕೆಡುತ್ತದೆ. ಮೊದಲೇ ಸೊರಗಿದ್ದಂತೂ ತಡೆಯುವುದೇ ಇಲ್ಲ.

ಈಗ ನಾನು ಮಾಡುವುದು ಇಷ್ಟು. ಗಾಳಿ ಬೀಸುವ ಕಡೆ, ಕೋಳಿ ಕೂರುವ ಎತ್ತರದ ತನಕ ಮಾತ್ರ ಗೋಣಿಚೀಲ ಕಟ್ಟುತ್ತೇನೆ. ಮಾಡಿನ ಕೆಳಗೆ ಸುತ್ತಲೂ ಒಂದು ಗೇಣು ತೆರೆದೇ ಇರುತ್ತದೆ, ಅಲ್ಲಿ ಜಾಲರಿ ಹೊಡೆದಿದ್ದೇನೆ. ಮೈಗೆ ಗಾಳಿ ಹೊಡೆಯಬಾರದು, ತಲೆ ಮೇಲಿಂದ ಹಸಿ ಹೊರಗೆ ಹೋಗಬೇಕು. ಸರಿಯಾಗಿದೆಯಾ ಅಂತ ತಿಳಿಯಲು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಲ್ಲಿ ಕೂತು, ಮುಖ ಒಳಗೆ ಹಾಕಿ ಒಮ್ಮೆ ಉಸಿರೆಳೆದುಕೊಳ್ಳಿ. ನಿಮ್ಮ ಮೂಗು ಚುರ್ ಅಂದರೆ ರಾತ್ರಿಯಿಡೀ ಅವು ಅದನ್ನೇ ಕುಡಿದಿವೆ ಅಂತ ಅರ್ಥ.

ನೆಲಕ್ಕೆ ಭತ್ತದ ಹೊಟ್ಟು, ನಾಲ್ಕು ಬೆರಳು ದಪ್ಪ. ಒಂದು ಹಿಡಿ ತೆಗೆದು ಹಿಂಡಿ ಬಿಡಿ. ಉಂಡೆ ಕಟ್ಟಿ ಹಾಗೇ ನಿಂತರೆ ತೇವ ಜಾಸ್ತಿ, ತೆಗೆದು ಬಿಸಿಲಿಗೆ ಹಾಕಿ. ಉದುರಿದರೆ ಸರಿ. ಕೂರುವ ಕೋಲಿಗೆ ನಾನು ಸಿಲ್ವರ್ ಓಕ್ ರೀಪು ಬಳಸುತ್ತೇನೆ, ಎರಡು ಅಂಗುಲ ಅಗಲದ್ದು, ಅಂಚು ಉಜ್ಜಿ ನಯ ಮಾಡಿದ್ದು. ನಿತ್ರಾಣದ ಹೇಂಟೆಗೆ ಮೇಲಿನ ಕೋಲು ಹತ್ತಲು ಆಗುವುದಿಲ್ಲ, ನೆಲದಲ್ಲೇ ಹಿಕ್ಕೆ ಮೇಲೆ ಮಲಗುತ್ತದೆ. ಅದಕ್ಕೆ ಅರ್ಧ ಅಡಿ ಎತ್ತರದಲ್ಲಿ ಇನ್ನೊಂದು ಕೋಲು ಇಡಿ.

ಇನ್ನು ಕೆಂಪಿಯ ಕಥೆ. ನಾಟಿ ಹೇಂಟೆ, ಮೂರು ವರ್ಷದ್ದು. ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಎಲ್ಲವೂ ಜೋಳಕ್ಕೆ ನುಗ್ಗಿದರೆ ಇದೊಂದು ದೂರ ನಿಂತಿತ್ತು. ಕತ್ತು ಒಳಗೆ ಎಳೆದುಕೊಂಡು, ಒಂದು ಕಣ್ಣು ಅರ್ಧ ಮುಚ್ಚಿಕೊಂಡು. ಹಗಲಲ್ಲಿ ಬೆನ್ನಟ್ಟಿ ಹಿಡಿಯಬೇಡಿ, ಇರುವ ಜೀವವೂ ಹೋಗುತ್ತದೆ. ಕತ್ತಲಾದ ಮೇಲೆ ಸುಮ್ನೆ ಕೋಲಿನಿಂದ ಎತ್ತಿಕೊಳ್ಳಬಹುದು. ನಾನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೋಡಿದೆ.

ಮೊದಲು ಎದೆಮೂಳೆ. ಬೆರಳಾಡಿಸಿದರೆ ಎರಡೂ ಪಕ್ಕ ಮಾಂಸ ಸಿಗಬೇಕು. ಕೆಂಪಿಯದು ಕತ್ತಿಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟರೆ 1 ಕೆಜಿ 150 ಗ್ರಾಂ. ದಸರಾ ಹೊತ್ತಿಗೆ ಒಂದೂವರೆಗೂ ಮೇಲಿತ್ತು. ಪುಕ್ಕದ ಒಳಗೆ ಎಷ್ಟು ಬಡಕಲಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಾಗಬೇಕು.

ಆಮೇಲೆ ಕತ್ತಿನ ಬುಡದ ಮೇವುಚೀಲ. ಸಂಜೆ ಅದು ನಿಂಬೆಹಣ್ಣಿಗಿಂತ ದೊಡ್ಡದಾಗಿ ತುಂಬಿರಬೇಕು, ಬೆಳಗ್ಗೆ ಖಾಲಿ ಇರಬೇಕು. ಸಂಜೆಯೂ ಖಾಲಿ ಅಂದರೆ ತಿಂದಿಲ್ಲ. ಬೆಳಗ್ಗೆಯೂ ತುಂಬಿಕೊಂಡೇ ಇದ್ದರೆ ಕೆಳಗೆ ಇಳಿಯುತ್ತಿಲ್ಲ, ಅದು ಬೇರೆ ತೊಂದರೆ, ಮೇವು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಕೆಂಪಿಯದು ಖಾಲಿ.

ರೆಕ್ಕೆಯ ಕೆಳಗೆ, ಹಿಂಭಾಗದ ಸುತ್ತ ಪುಕ್ಕ ಸರಿಸಿ ನೋಡಿ. ಪುಕ್ಕದ ಬುಡದಲ್ಲಿ ಸಕ್ಕರೆ ಅಂಟಿದ ಹಾಗೆ ಬಿಳಿ ಗಂಟು ಕಂಡರೆ ಅದು ಹೇನಿನ ಮೊಟ್ಟೆ. ಜುಟ್ಟು ಬಿಳಿಚಿಕೊಂಡಿದ್ದರೆ ಹೇನು, ಉಣ್ಣೆ ಇಲ್ಲವೇ ಹೊಟ್ಟೆಹುಳದ ಅನುಮಾನ. ಮೂಗಲ್ಲಿ ಸಿಂಬಳ, ಕಣ್ಣ ಸುತ್ತ ಊತ, ಪಾದದಡಿ ಕಪ್ಪು ಹಕ್ಕಳೆ ಇದೆಯಾ ಅಂತಲೂ ನೋಡಿ. ಕೆಂಪಿಗೆ ಹೇನು ತುಂಬಿತ್ತು. ಜೊತೆಗೆ ಪುಕ್ಕ ಉದುರಿಸುವ ಕಾಲ ಬೇರೆ. ಕತ್ತು ಬೋಳಾಗಿ, ಮುಳ್ಳಿನ ಹಾಗೆ ಹೊಸ ಪುಕ್ಕ ಏಳುತ್ತಿತ್ತು. ಪುಕ್ಕ ಉದುರುವುದು ಕಾಯಿಲೆ ಅಲ್ಲ, ಆದರೆ ಪುಕ್ಕ ಅಂದರೆ ಬಹುಪಾಲು ಪ್ರೋಟೀನು. ಅಷ್ಟನ್ನೂ ಮೈಯಿಂದಲೇ ಕೊಡಬೇಕು. ಅದರ ಮೇಲೆ ಹೇನು ಕಚ್ಚುತ್ತಿದ್ದರೆ ಯಾವ ಹೇಂಟೆ ತಾನೇ ತಡೆದೀತು?

ಬೇರೆ ಇಡಲು ದೊಡ್ಡ ಮಂಕರಿ ಅಥವಾ ರಟ್ಟಿನ ಪೆಟ್ಟಿಗೆ ಸಾಕು. ಎಲ್ಲಿ ಇಡುವುದು ಅನ್ನುವುದೇ ಪ್ರಶ್ನೆ. ನಮ್ಮಮ್ಮ ಬಚ್ಚಲ ಒಲೆ ಪಕ್ಕ ಇಡು ಅಂದರು. ಬಿಸಿ ಏನೋ ಇರುತ್ತದೆ, ಆದರೆ ಹೊಗೆ ಕೋಳಿಯ ಎದೆಗೆ ಆಗಿಬರುವುದಿಲ್ಲ. ಒಲೆಯ ಗೋಡೆಯ ಆಚೆ ಪಕ್ಕ ಸಾಮಾನು ಕೋಣೆ. ಆ ಗೋಡೆ ರಾತ್ರಿ ಹನ್ನೊಂದರ ತನಕ ಬೆಚ್ಚಗಿರುತ್ತದೆ. ಪೆಟ್ಟಿಗೆ ಅಲ್ಲಿಟ್ಟೆ. ಒಂದು ಮೂಲೆಗೆ ಮಾತ್ರ ಬಿಸಿ ತಾಗುವ ಹಾಗೆ, ಎರಡು ಅಡಿ ಮೇಲೆ 40 ವಾಟಿನ ಹಳೇ ಬಲ್ಬು ಕಟ್ಟಿದೆ. ಎಲ್‌ಇಡಿ ಆದರೆ ಬಿಸಿ ಬರುವುದಿಲ್ಲ. ಇನ್ನೊಂದು ಮೂಲೆ ತಣ್ಣಗೇ ಇರಲಿ, ಸೆಕೆ ಆದರೆ ಅದೇ ಸರಿದುಕೊಳ್ಳುತ್ತದೆ. ಕೊಕ್ಕು ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿಯಾಯಿತು. ಬಲ್ಬನ್ನು ತಂತಿಯಿಂದ ಎರಡು ಕಡೆ ಕಟ್ಟಿ, ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಖಂಡಿತ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಮಾತ್ರ ಬೇಡವೇ ಬೇಡ. ಅದರ ಗಾಳಿ ಕೋಳಿಯನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ.

ಮೊದಲು ನೀರು, ಆಮೇಲೆ ಮೇವು. ಉಗುರುಬೆಚ್ಚಗಿನ ನೀರು ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಒಂದು ದಿನಕ್ಕೆ ಇದು ಸಾಕು, ಆಮೇಲೆ ಬರೀ ನೀರು. ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿದರೆ ಅದೇ ಕುಡಿಯುತ್ತದೆ. ಬಾಯಿ ಅಗಲಿಸಿ ಸುರಿಯಬೇಡಿ, ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇದೆ. ಹೀಗೆ ಸುರಿದೇ ಎಷ್ಟೋ ಕೋಳಿ ಸತ್ತಿವೆ, ಹೆಸರು ಮಾತ್ರ ಕಾಯಿಲೆಗೆ.

ಮೇವಿಗೆ ಮೊಟ್ಟೆಕೋಳಿ ಫೀಡನ್ನು ಬಿಸಿನೀರಲ್ಲಿ ಕಲಸಿ, ಬೆಂದ ಮೊಟ್ಟೆ ಪುಡಿಮಾಡಿ ಹಾಕಿ, ಹೆಚ್ಚಿದ ನುಗ್ಗೆಸೊಪ್ಪು ಸೇರಿಸಿದೆ. ಕೋಳಿಗೆ ಮೊಟ್ಟೆಯಾ ಅಂತ ನಗಬೇಡಿ, ಅದರಷ್ಟು ಬೇಗ ಮೈಗೆ ಹತ್ತುವುದು ಬೇರೆ ಇಲ್ಲ. ದಿನಕ್ಕೆ ನಾಲ್ಕು ಸಲ, ಎರಡು ಚಮಚದಷ್ಟು. ಕಲಸಿದ್ದು ಅರ್ಧ ದಿನಕ್ಕಿಂತ ಜಾಸ್ತಿ ಇಟ್ಟರೆ ಹುಳಿಯಾಗುತ್ತದೆ, ಎಸೆಯಿರಿ. ಗಟ್ಟಿ ಇರುವ ಕೋಳಿಗಳಿಗೆ ಸಂಜೆ ಮಲಗುವ ಮುಂಚೆ ಒಂದೊಂದಕ್ಕೆ ಒಂದು ಸಣ್ಣ ಹಿಡಿ ಒಡೆದ ಮುಸುಕಿನ ಜೋಳ. ರಾತ್ರಿಯಿಡೀ ಅದು ಅರಗುತ್ತಾ ಒಳಗಿಂದ ಬಿಸಿ ಕೊಡುತ್ತದೆ. ಜೋಳವನ್ನು ಮೂಸಿ ನೋಡಿ ಹಾಕಿ. ಮಂಜಿನ ದಿನಗಳಲ್ಲಿ ಮೂಟೆಯ ತಳ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನ ವಿಷ ಲಿವರನ್ನೇ ತಿನ್ನುತ್ತದೆ. ಮನುಷ್ಯರು ತಿನ್ನಲಾಗದ್ದನ್ನು ಕೋಳಿಗೆ ಹಾಕುವ ಅಭ್ಯಾಸ ನಮ್ಮಲ್ಲೆಲ್ಲ ಇದೆ, ಅದನ್ನು ಬಿಡಬೇಕು.

ಹೇನಿಗೆ ಹಳೇ ಟೈರಿನೊಳಗೆ ಒಣಮಣ್ಣು, ಜರಡಿ ಹಿಡಿದ ಒಲೆಬೂದಿ. ಗಟ್ಟಿ ಕೋಳಿ ತಾನೇ ಹೊರಳಾಡುತ್ತದೆ. ಕೆಂಪಿಗೆ ಆ ಶಕ್ತಿ ಇರಲಿಲ್ಲ, ಡಾಕ್ಟರು ಕೊಟ್ಟ ಪುಡಿಯನ್ನು ಅವರು ಹೇಳಿದ ಅಳತೆಯಲ್ಲೇ ಹಚ್ಚಿದೆ. ಕೂರುವ ಕೋಲಿನ ಬಿರುಕುಗಳಿಗೆ ಬೇವಿನೆಣ್ಣೆ ಒರೆಸಿದೆ, ಉಣ್ಣೆ ಹಗಲಲ್ಲಿ ಅಡಗುವುದು ಅಲ್ಲೇ. ಹುಳದ ಔಷಧಿಯನ್ನೂ ತೂಕ ಹೇಳಿಯೇ ತನ್ನಿ.

ಔಷಧಿ ಅಂದಾಗ ಒಂದು ಹೊಟ್ಟೆಯುರಿ. ಟಾರ್ಪಾಲಿನ ವರ್ಷ ಒಂದು ಅಂಗಡಿಯಲ್ಲಿ ಕೋಳಿಗೆ ಕೆಮ್ಮು ಅಂದೆ. ಕೋಳಿ ಎಷ್ಟು ದೊಡ್ಡದು ಅಂತ ಕೂಡ ಕೇಳದೆ ಮನುಷ್ಯರ ಆಂಟಿಬಯೋಟಿಕ್ ಅರ್ಧ ಪಟ್ಟಿ ಕತ್ತರಿಸಿ ಕೊಟ್ಟರು. ಕೊಟ್ಟೆ. ಮೇವು ತಿನ್ನುತ್ತಿದ್ದದ್ದೂ ಬಿಟ್ಟಿತು. ಆಂಟಿಬಯೋಟಿಕ್ ಕೊಡಲೇಬೇಕಾದರೆ ಪಶುವೈದ್ಯರು ಹೇಳಲಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅವರನ್ನೇ ಕೇಳಿಕೊಳ್ಳಿ. ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನದ ಉಂಡೆ ಕೊಟ್ಟು ಕೊಕ್ಕರೆ ರೋಗ, ಅಂದರೆ ರಾಣಿಖೇತ್, ವಾಸಿಮಾಡಿದೆ ಅನ್ನುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಗಾಯಕ್ಕೆ ಅರಿಶಿನ ಹಚ್ಚಿ, ಬೇಡ ಅನ್ನುವುದಿಲ್ಲ. ಕೊಕ್ಕರೆ ರೋಗಕ್ಕೆ ಮಾತ್ರ ಮದ್ದಿಲ್ಲ, ಲಸಿಕೆಯೊಂದೇ. ಮರಿಗೆ ಮೊದಲ ವಾರದಲ್ಲಿ ಲಸೋಟಾ ಹನಿ, ಎರಡು ತಿಂಗಳ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ದೊಡ್ಡವಕ್ಕೆ ಚಳಿ ಶುರುವಾಗುವ ಮುಂಚೆಯೇ, ಗಟ್ಟಿ ಇರುವಾಗಲೇ ಹಾಕಿಸಬೇಕು, ಸೊರಗಿದ್ದಕ್ಕೆ ಹಾಕಿಸಬಾರದು. ಚಿಕ್ಕ ಸೀಸೆ ಅಂದರೂ ಒಂದು ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಡೋಸ್ ಇರುತ್ತದೆ. ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ನಾವು ಐದು ಮನೆಯವರು ಒಂದೇ ದಿನ ಕೋಳಿ ಹಿಡಿದುಕೊಂಡು ಕಾಯುತ್ತೇವೆ. ಅದೇ ಒಂದು ಜಾತ್ರೆ.

ಮನೆಮದ್ದಿಗೆ ಕಾಯಬಾರದ ಲಕ್ಷಣಗಳೂ ಇವೆ. ಕತ್ತು ತಿರುಚಿಕೊಂಡು ಹಸಿರು ಭೇದಿ, ಮುಖ ಊದಿ ಮೂಗಿನಿಂದ ದುರ್ವಾಸನೆ, ಹಿಕ್ಕೆಯಲ್ಲಿ ರಕ್ತ. ಆಗಾಗ ಬೀಳುವ ಕಂದು ಬಣ್ಣದ, ನಾರುವ ಅಂಟು ಹಿಕ್ಕೆಗೆ ಹೆದರಬೇಡಿ, ಅದು ಸಹಜ. ಆದರೆ ಒಂದೆರಡು ದಿನದಲ್ಲಿ ಮೂರು ನಾಲ್ಕು ಕೋಳಿ ದಿಢೀರ್ ಸತ್ತರೆ ಸುಮ್ನೆ ಇರಬೇಡಿ. ಹಕ್ಕಿಜ್ವರ 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಬಂದಿತ್ತು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ, ಸಾರಿಗಂತೂ ಬೇಡವೇ ಬೇಡ. ಪಶು ಆಸ್ಪತ್ರೆಗೆ ತಿಳಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆಯಿತು.

ಕೆಂಪಿ ನಾಲ್ಕನೇ ದಿನ ಪೆಟ್ಟಿಗೆಯ ಅಂಚಿಗೆ ಹತ್ತಿ ಕೂತಿತ್ತು. ಆದರೂ ಹತ್ತು ದಿನ ಒಳಗೇ ಇಟ್ಟೆ. ಬಿಸಿಲು ಬಂದ ಮೇಲೆ, ಹನ್ನೊಂದಕ್ಕೆ, ಕಾಫಿ ಒಣಹಾಕಿದ ಕಣದ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಬಿಡುತ್ತಿದ್ದೆ. ಇಬ್ಬನಿ ಆರುವ ಮುಂಚೆ ಹುಲ್ಲಿಗೆ ಬಿಟ್ಟರೆ ಹೊಟ್ಟೆಯ ಪುಕ್ಕವೆಲ್ಲ ತೊಯ್ದು ಮಾಡಿದ್ದೆಲ್ಲ ನೀರುಪಾಲು. ಬಲ್ಬಿನ ಬಿಸಿಯನ್ನೂ ಒಂದೇ ಸಲಕ್ಕೆ ತೆಗೆಯಬಾರದು, ದಿನಾ ಒಂದೆರಡು ಗಂಟೆ ಕಡಿಮೆ ಮಾಡುತ್ತಾ ಬರಬೇಕು. ಬೆಳಕು ಜಾಸ್ತಿ ಕೊಟ್ಟರೆ ಮೊಟ್ಟೆ ಇಡುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ನಿಜವೇ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ, ಮೊಟ್ಟೆ ನಿಲ್ಲಲು ಅದೂ ಒಂದು ಕಾರಣ. ಆದರೆ ಬಡಕಲು ಹೇಂಟೆಯಿಂದ ಮೊಟ್ಟೆ ಹಿಂಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ವಾಪಸು ಗುಂಪಿಗೆ ಸೇರಿಸುವಾಗ ಹಗಲಲ್ಲಿ ತಂದು ಬಿಟ್ಟರೆ ಯುದ್ಧವೇ. ಮೂರು ದಿನ ಜಾಲರಿಯ ಆಚೆ ಈಚೆ ಇಟ್ಟು ಮುಖ ನೋಡಿಕೊಳ್ಳಲು ಬಿಟ್ಟೆ. ಆಮೇಲೆ ಒಂದು ರಾತ್ರಿ ಎಂಟಕ್ಕೆ, ಎಲ್ಲ ತೂಕಡಿಸುವಾಗ, ಕೆಳಗಿನ ಕೋಲಿನ ಮೇಲೆ ಕೂರಿಸಿ ಬಂದೆ. ಬೆಳಗ್ಗೆ ಗಿರಿರಾಜದ ಒಂದು ಹೇಂಟೆ ಎರಡು ಸಲ ಕುಕ್ಕಿತು, ಅಷ್ಟೇ. ಸಂಕ್ರಾಂತಿಯ ದಿನ ತೂಗಿದರೆ 1 ಕೆಜಿ 400. ಮೊಟ್ಟೆ ಇಟ್ಟದ್ದು ಶಿವರಾತ್ರಿ ಕಳೆದ ಮೇಲೆ, ಅದೂ ಗೂಡಲ್ಲಿ ಅಲ್ಲ, ಸಾಮಾನು ಕೋಣೆಗೆ ನುಗ್ಗಿ, ಆ ಬೆಚ್ಚಗಿನ ಗೋಡೆಯ ಪಕ್ಕ.