ಹೊಸಬರಿಗೆ ಮಾರ್ಗದರ್ಶಿ: ಮಿಷಿಗನ್‌ನಲ್ಲಿ ಮೊದಲ ಸೆಕೆಂಡ್ ಹ್ಯಾಂಡ್ ಕಾರು – ಹಳೆಯ ಕ್ಯಾಮ್ರಿಯೋ, ಅದಕ್ಕೂ ಹಳೆಯದೋ?

ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್‌ಗಳಿಗೆ ಹೊಸದಾಗಿ ಬಂದಿಳಿದ ಕುಟುಂಬಗಳು ಬಾಡಿಗೆ ಮನೆಯ ಕೀಲಿಕೈ ಸಿಕ್ಕಿದ ವಾರದಲ್ಲೇ ನಮ್ಮ ಕೂಟದವರನ್ನು ಕಾರಿನ ವಿಷಯ ಕೇಳುತ್ತವೆ. ಈ ದೇಶದಲ್ಲಿ ಸಾಲ ತೀರಿಸಿದ ದಾಖಲೆ ಇನ್ನೂ ಇಲ್ಲದವರಿಗೆ ಬ್ಯಾಂಕಿನ ಬಡ್ಡಿ ದುಬಾರಿಯಾಗುವುದರಿಂದ ಹೆಚ್ಚಿನವರು ಕೈಯಲ್ಲಿರುವ ಹಣಕ್ಕೆ ದಕ್ಕುವ ಸೆಡಾನ್ ಹುಡುಕುತ್ತಾರೆ. ಹುಡುಕಾಟ ಬಹುಪಾಲು ಟೊಯೋಟಾ ಕ್ಯಾಮ್ರಿಯ ಎರಡು ಹಳೆಯ ಪೀಳಿಗೆಗಳ ಮುಂದೆ, ಅಂದರೆ 2007ರಿಂದ 2011ರವರೆಗಿನ ಮಾದರಿ ಮತ್ತು 2012ರಿಂದ 2017ರವರೆಗಿನ ಮಾದರಿಯ ಮುಂದೆ, ಬಂದು ನಿಲ್ಲುತ್ತದೆ. ಡೆಟ್ರಾಯ್ಟಿನ ಕಂಪನಿಗಳಲ್ಲಿ ಎಂಜಿನಿಯರ್‌ಗಳಾಗಿರುವ ನಮ್ಮ ಸದಸ್ಯರು ಈ ಆಯ್ಕೆಗೆ ಹುಬ್ಬು ಗಂಟಿಕ್ಕಬಹುದು. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ತಯಾರಾಗುವ ಕಾರು ಇದು ಎಂಬ ಸಮಾಧಾನವನ್ನಷ್ಟೇ ಅವರಿಗೆ ಹೇಳಬಲ್ಲೆವು.

ಪೀಳಿಗೆಯ ಹೆಸರು ನೋಡಿ ನಿರ್ಧರಿಸಬೇಡಿ ಎಂಬುದು ನಮ್ಮ ಮೊದಲ ಮಾತು. ಈ ಕಾರಿನ ಹೊರಮೈ ಬದಲಾದದ್ದು 2012ರಲ್ಲಾದರೆ, ನಾಲ್ಕು ಸಿಲಿಂಡರಿನ ಎಂಜಿನ್ ಬದಲಾದದ್ದು ಅದಕ್ಕೂ ಎರಡು ವರ್ಷ ಮೊದಲು, 2010ರಲ್ಲಿ. 2007, 2008 ಮತ್ತು 2009ರ ಕಾರುಗಳಲ್ಲಿ 2.4 ಲೀಟರಿನ ಎಂಜಿನ್ ಮತ್ತು ಐದು ಗೇರಿನ ಆಟೊಮ್ಯಾಟಿಕ್ ಇದ್ದರೆ, 2010 ಮತ್ತು 2011ರ ಕಾರುಗಳಲ್ಲಿ 2.5 ಲೀಟರಿನ ಹೊಸ ಎಂಜಿನ್ ಮತ್ತು ಆರು ಗೇರಿನ ಆಟೊಮ್ಯಾಟಿಕ್ ಬಂದಿದೆ. ಮುಂದಿನ ಪೀಳಿಗೆಯೂ ಅದೇ ಎಂಜಿನ್ನನ್ನು ಮುಂದುವರಿಸಿತು. ಆದ್ದರಿಂದ ಹಳೆಯ ಮೈಯೊಳಗೆ ಹೊಸ ಎಂಜಿನ್ ಇರುವ 2010–11ರ ಕಾರು, ನೋಟಕ್ಕೆ ಹಳೆಯದೆಂಬ ಕಾರಣಕ್ಕೆ ಕಡಿಮೆ ಬೆಲೆಗೆ ಸಿಕ್ಕರೆ, ಗಂಭೀರವಾಗಿ ಪರಿಗಣಿಸಬೇಕಾದ ಕಾರು. ಮಾರುವವರು ತಾವು ಕೊಂಡ ವರ್ಷವನ್ನೇ ಕಾರಿನ ವರ್ಷವೆಂದು ಹೇಳುವುದುಂಟು. ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯಾದ ವಿಐಎನ್ ವಿಂಡ್‌ಶೀಲ್ಡಿನ ಕೆಳಗೆ ಚಾಲಕರ ಕಡೆಯ ಮೂಲೆಯಲ್ಲಿ ಹೊರಗಿನಿಂದ ಕಾಣುತ್ತದೆ; ಅದರ ಹದಿನೇಳು ಅಕ್ಷರಗಳಲ್ಲಿ ಹತ್ತನೆಯದನ್ನು ಓದಿರಿ: 9 ಇದ್ದರೆ 2009ರ ಮಾದರಿ, ಎ ಇದ್ದರೆ 2010, ಬಿ ಇದ್ದರೆ 2011, ಸಿ ಇದ್ದರೆ 2012, ಹೀಗೆ ಎಫ್ ಇದ್ದರೆ 2015.

2.4 ಲೀಟರಿನ ಎಂಜಿನ್ನಿನ ದೋಷ ಗುಟ್ಟಿನದಲ್ಲ. ಪಿಸ್ಟನ್ನಿನಲ್ಲಿ ಎಣ್ಣೆ ಹಿಂದಿರುಗುವ ಸಣ್ಣ ರಂಧ್ರಗಳು ಮಸಿ ಕಟ್ಟಿಕೊಂಡು, ರಿಂಗುಗಳು ಎಣ್ಣೆಯನ್ನು ಸರಿಯಾಗಿ ಒರೆಸದೆ, ಎಂಜಿನ್ ಎಣ್ಣೆಯನ್ನು ಪೆಟ್ರೋಲಿನೊಂದಿಗೆ ಸುಡತೊಡಗುತ್ತದೆ. 1,200 ಮೈಲಿಗೆ ಒಂದು ಕ್ವಾರ್ಟಿಗಿಂತ (ಸುಮಾರು ಒಂದು ಲೀಟರ್) ಹೆಚ್ಚು ಎಣ್ಣೆ ಕುಡಿಯುವ ಕಾರುಗಳಿಗೆ ಪಿಸ್ಟನ್ ಮತ್ತು ರಿಂಗುಗಳನ್ನು ಬದಲಿಸಿಕೊಡುವ ವ್ಯವಸ್ಥೆಯನ್ನು ಕಂಪನಿಯೇ ಮಾಡಿತ್ತು. ಆ ಅವಧಿ ಮುಗಿದು ವರ್ಷಗಳಾಗಿವೆ, ಇನ್ನು ಖರ್ಚೆಲ್ಲ ಕೊಂಡವರದೇ. ಎಲ್ಲ ಕಾರುಗಳಲ್ಲೂ ಈ ದೋಷ ಕಾಣಿಸಿಕೊಂಡಿಲ್ಲವಾದರೂ, ಹತ್ತು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ಅದು ತಿಳಿಯುವುದೂ ಇಲ್ಲ. ಹೀಗಾಗಿ, ಪಿಸ್ಟನ್ ಬದಲಿಸಿದ ರಸೀದಿ ಇಲ್ಲದ 2007–09ರ ನಾಲ್ಕು ಸಿಲಿಂಡರ್ ಕಾರನ್ನು ನೀವು ಬಲ್ಲವರಿಂದಲ್ಲದೆ ಬೇರೆಯವರಿಂದ ಕೊಳ್ಳದಿರುವುದು ಲೇಸೆಂದು ನಮ್ಮ ಅಭಿಪ್ರಾಯ.

ಕಾರು ನೋಡಲು ಹೋಗುವಾಗ, ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ತಿಳಿಸಿರಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಜನವರಿಯ ಬೆಳಿಗ್ಗೆ ಬಾನೆಟ್ ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿ ನಿಲ್ಲಿಸಿದ್ದಾರೆಂದು ಅರ್ಥ. ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಕಾಗದದಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆಯಿರಿ: ಎರಡು ಗುರುತುಗಳ ನಡುವೆ ಎಣ್ಣೆ ನಿಲ್ಲದೆ ತುದಿಯಷ್ಟೇ ತೇವವಾಗಿದ್ದರೆ, ಎಣ್ಣೆ ಕುಡಿಯುವ ಕಾರೆಂದೋ ನೋಡಿಕೊಳ್ಳದ ಮಾಲೀಕರೆಂದೋ ತಿಳಿಯಬಹುದು. ಅದು ಎರಡರಲ್ಲಿ ಯಾವುದಾದರೂ ನಿಮಗೆ ಬೇಕಿಲ್ಲ. ಬಳಿಕ ಒಬ್ಬರು ಎಂಜಿನ್ ಚಾಲೂ ಮಾಡುವಾಗ ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರಿನ ಹೊಗೆ ನೋಡಬೇಕು. ಚಳಿಯಲ್ಲಿ ಬಿಳಿಯ ಹಬೆ ಸಹಜ, ನೀಲಿ ಛಾಯೆಯ ಹೊಗೆ ಎಣ್ಣೆಯದು.

2012ರ ನಂತರದ ಪೀಳಿಗೆಗೂ ದೋಷಗಳಿಲ್ಲವೆಂದಲ್ಲ. 2012ರಿಂದ 2014ರವರೆಗಿನ ಕೆಲವು ಕಾರುಗಳು 30–45 ಮೈಲಿ ವೇಗದಲ್ಲಿ, ರಸ್ತೆಯ ಮೇಲಿನ ಉಬ್ಬುಪಟ್ಟಿಯನ್ನು ದಾಟಿದ ಹಾಗೆ ಸಣ್ಣಗೆ ನಡುಗುತ್ತವೆ. ಕಾರಣ, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಎಂಬ ಭಾಗ. ಅದಕ್ಕಾಗಿ ಟೆಸ್ಟ್ ಡ್ರೈವಿನಲ್ಲಿ ಹೆದ್ದಾರಿಗೆ ಮಾತ್ರ ಹೋಗದೆ, ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ಈ ವೇಗವನ್ನು ಒಂದೇ ಸಮನೆ ಕಾಯ್ದುಕೊಂಡು ಕೆಲವು ನಿಮಿಷ ಓಡಿಸಿರಿ. 2.5 ಲೀಟರಿನ ಎಂಜಿನ್ನಿನಲ್ಲಿ ವಾಟರ್ ಪಂಪ್ ಸೋರುವುದೂ ಉಂಟು; ಪಂಪಿನ ಸುತ್ತ ಒಣಗಿದ ಗುಲಾಬಿ ಬಣ್ಣದ ಕಲೆ ಕಂಡರೆ ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ, ಅದಕ್ಕಾಗಿ ಒಳ್ಳೆಯ ಕಾರನ್ನು ಬಿಡಬೇಕಿಲ್ಲ.

ಜಾಗದ ವಿಷಯದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಎರಡರಲ್ಲೂ 109.3 ಇಂಚು. ಎರಡು ಮಕ್ಕಳ ಕಾರ್ ಸೀಟುಗಳನ್ನು ಕಟ್ಟಿದ ಮೇಲೆ ಊರಿನಿಂದ ಬಂದ ಅಜ್ಜಿ ಅವುಗಳ ನಡುವೆ ಕೂರುವುದು ಎರಡರಲ್ಲೂ ಇಕ್ಕಟ್ಟೇ. ಮಿಷಿಗನ್ ಕಾನೂನಿನ ಪ್ರಕಾರ ಮಗುವಿಗೆ 8 ವರ್ಷ ತುಂಬುವವರೆಗೆ ಅಥವಾ 4 ಅಡಿ 9 ಇಂಚು ಎತ್ತರವಾಗುವವರೆಗೆ ತಕ್ಕ ಸೀಟು ಅಥವಾ ಬೂಸ್ಟರ್ ಕಡ್ಡಾಯವಾದ್ದರಿಂದ, ಕಾರು ನೋಡಲು ಹೋಗುವಾಗ ನಿಮ್ಮ ಸೀಟುಗಳನ್ನೇ ಒಯ್ದು ಕಟ್ಟಿ ನೋಡುವುದು ಸಂಕೋಚ ಪಡುವ ಸಂಗತಿಯಲ್ಲ. ಪೆಟ್ರೋಲಿನ ಲೆಕ್ಕವೂ ಜನ ಎಣಿಸುವಷ್ಟು ದೊಡ್ಡದಲ್ಲ: 2009ರ ಕಾರಿಗೆ ಸರ್ಕಾರಿ ಅಂದಾಜಿನಲ್ಲಿ ಗ್ಯಾಲನ್ನಿಗೆ ಊರೊಳಗೆ 21, ಹೆದ್ದಾರಿಯಲ್ಲಿ 31 ಮೈಲಿ; 2012ರದಕ್ಕೆ 25 ಮತ್ತು 35. ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ ಉಳಿಯುವುದು ಸುಮಾರು 50 ಗ್ಯಾಲನ್.

ಸುರಕ್ಷತೆಯ ವ್ಯತ್ಯಾಸ ಮಾತ್ರ ದೊಡ್ಡದು. ಮಂಜುಗಟ್ಟಿದ ರಸ್ತೆಯಲ್ಲಿ ಜಾರುವ ಕಾರನ್ನು ಹತೋಟಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ 2010ರಿಂದ ಎಲ್ಲ ಕ್ಯಾಮ್ರಿಗಳಲ್ಲೂ ಬಂದಿದೆ. ಅದಕ್ಕೆ ಮೊದಲಿನ ಅನೇಕ ಕಾರುಗಳಲ್ಲಿ ಅದು ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಇತ್ತು. ನಮ್ಮೂರಿನಲ್ಲಿ ಓಡಿಸಿ ಬಂದ ಕೈಗೆ ಮೊದಲ ಹಿಮದ ದಿನ ಇದರ ಬೆಲೆ ತಿಳಿಯುತ್ತದೆ. ಹಳೆಯ ಪೀಳಿಗೆಯಲ್ಲಿ ಏಳು ಏರ್‌ಬ್ಯಾಗುಗಳಿದ್ದರೆ ಹೊಸದರಲ್ಲಿ ಹತ್ತು. ಆದರೆ ಹೊಸ ಪೀಳಿಗೆಯೊಳಗೂ ಒಂದು ಗೆರೆ ಇದೆ: ಕಾರಿನ ಮುಂಭಾಗದ ಒಂದು ಮೂಲೆ ಮಾತ್ರ ಗುದ್ದುವಂತೆ ವಿಮಾ ಸಂಸ್ಥೆಗಳ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಐಐಎಚ್‌ಎಸ್ 2012ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ಆಗಿನ ಕ್ಯಾಮ್ರಿ ಅತಿ ಕೆಳಗಿನ ದರ್ಜೆ ಪಡೆಯಿತು; ರಚನೆ ಬದಲಿಸಿದ ಮೇಲೆ 2015ರ ಕಾರು ಅತಿ ಮೇಲಿನ ದರ್ಜೆಗೆ ಏರಿತು. ಚಿಕ್ಕ ಮಕ್ಕಳಿದ್ದು, ಹಣ ತುಸು ಹೊಂದಿಸಬಲ್ಲವರು 2015ರ ಅಥವಾ ನಂತರದ ಕಾರಿಗೆ ಒಂದೆರಡು ತಿಂಗಳು ಕಾಯುವುದು ತಕ್ಕದ್ದು.

ಇಷ್ಟೆಲ್ಲ ಹೇಳಿದ ಮೇಲೂ ಈ ರಾಜ್ಯದಲ್ಲಿ ಕಾರಿನ ಆಯುಷ್ಯವನ್ನು ಹೆಚ್ಚಾಗಿ ನಿರ್ಧರಿಸುವುದು ಉಪ್ಪು. ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿಯಿದೆ; ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕರಗಿ ಕಾರಿನ ಅಡಿಗೆ ಸಿಡಿದು ಉಕ್ಕನ್ನು ತಿನ್ನುತ್ತದೆ. ಮೇಲೆ ಕನ್ನಡಿಯಂತೆ ಹೊಳೆಯುವ ಕಾರಿನ ತಳ ಜರ್ಝರಿತವಾಗಿರಬಹುದು. ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ನೆಲಕ್ಕೆ ಹಾಸಿ, ಮಲಗಿ, ಮೊಬೈಲಿನ ಟಾರ್ಚ್ ಹಾಕಿ ನೋಡಿರಿ. ಮೇಲ್ಮೈಯಲ್ಲಿ ಕಂದು ಬಣ್ಣ ಹರಡಿದ್ದರೆ ಚಿಂತೆಯಿಲ್ಲ. ಹಿಂದಿನ ಚಕ್ರಗಳ ನಡುವಿನ ಉಕ್ಕಿನ ಚೌಕಟ್ಟು (ಸಬ್‌ಫ್ರೇಮ್) ಹಪ್ಪಳದಂತೆ ಪದರಪದರವಾಗಿ ಎದ್ದಿದ್ದರೆ, ಬ್ರೇಕಿನ ಪೈಪುಗಳು ಊದಿಕೊಂಡಂತೆ ಕಂಡರೆ, ಧನ್ಯವಾದ ಹೇಳಿ ಹಿಂತಿರುಗಿ. ಇಲ್ಲಿ ಖಾಸಗಿ ಕಾರುಗಳಿಗೆ ಸರ್ಕಾರದಿಂದ ವಾರ್ಷಿಕ ತಪಾಸಣೆ ಇಲ್ಲ. ಹೀಗಾಗಿ ಇಂಥ ಕಾರುಗಳು ರಸ್ತೆಯ ಮೇಲೆಯೇ ಉಳಿದಿರುತ್ತವೆ. 2007–11ರ ಕೆಲವು ಕಾರುಗಳಲ್ಲಿ ಬಿಸಿಲಿಗೆ ಡ್ಯಾಶ್‌ಬೋರ್ಡ್ ಕರಗಿ ಅಂಟಂಟಾಗಿ ಹೊಳೆಯುತ್ತದೆ, ಗಾಜಿನ ಮೇಲೆ ಪ್ರತಿಫಲಿಸಿ ಕಣ್ಣಿಗೆ ಕುಕ್ಕುತ್ತದೆ. ಅದು ತೊಂದರೆಯೇ ಹೌದಾದರೂ, ಅಂಥ ಕಾರು ದಕ್ಷಿಣದ ರಾಜ್ಯದಿಂದ ಬಂದದ್ದಾಗಿದ್ದು ತಳ ಶುದ್ಧವಾಗಿದ್ದರೆ, ನಾವು ತಳವನ್ನೇ ಆರಿಸಿಕೊಳ್ಳುತ್ತೇವೆ. ನೀವೇ ನೋಡಿ ಒಪ್ಪಿದ ಮೇಲೂ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರ ಬಳಿ ಕಾರನ್ನು ಎತ್ತಿಸಿ ನೋಡಿಸಿರಿ. ಇದಕ್ಕೆ ಒಪ್ಪದ ಮಾರಾಟಗಾರರೊಂದಿಗೆ ಚೌಕಾಸಿ ಮುಂದುವರಿಸಬೇಡಿ.

ಓಡಿದ ದೂರದ ಬಗ್ಗೆಯೂ ಒಂದು ಎಚ್ಚರಿಕೆ. ಮೀಟರಿನಲ್ಲಿ ಕಾಣುವುದು ಮೈಲಿ. ಒಂದು ಲಕ್ಷ ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ 1,60,000 ಕಿಲೋಮೀಟರಿಗೂ ಹೆಚ್ಚು. ಮಾರುವಾಗ ಮೀಟರಿನ ಅಂಕಿಯನ್ನು ಬರೆದು ಸಹಿ ಹಾಕಬೇಕೆಂಬ ಕೇಂದ್ರ ನಿಯಮ 2011 ಮತ್ತು ನಂತರದ ಮಾದರಿಗಳಿಗೆ 20 ವರ್ಷ ಅನ್ವಯಿಸುತ್ತದೆ. 2010 ಮತ್ತು ಹಿಂದಿನವಕ್ಕೆ ಕಡ್ಡಾಯವಿಲ್ಲ. ಹಳೆಯ ಪೀಳಿಗೆಯ ಬಹುಪಾಲು ಕಾರುಗಳ ವಿಷಯದಲ್ಲಿ, ಹಾಗಾಗಿ, ಎಣ್ಣೆ ಬದಲಿಸಿದ ರಸೀದಿಗಳಲ್ಲಿ ದಿನಾಂಕದ ಪಕ್ಕ ಬರೆದ ಮೈಲಿಗಳೇ ನಿಮಗಿರುವ ಒಳ್ಳೆಯ ಸಾಕ್ಷಿ. ವಿಐಎನ್ ಸಂಖ್ಯೆಯನ್ನು ರಸ್ತೆ ಸುರಕ್ಷತೆಯ ಕೇಂದ್ರ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿದರೆ ಬಾಕಿ ಉಳಿದ ರೀಕಾಲ್‌ಗಳು, ಅಂದರೆ ದೋಷ ಸರಿಪಡಿಸಲು ಕಂಪನಿ ಕೊಟ್ಟ ಕರೆಗಳು, ಉಚಿತವಾಗಿ ತಿಳಿಯುತ್ತವೆ. 2007–10ರ ಕಾರುಗಳು ನೆಲದ ಮ್ಯಾಟ್ ಮತ್ತು ಆಕ್ಸಿಲರೇಟರ್ ಪೆಡಲಿನ ರೀಕಾಲ್‌ಗಳಿಗೆ ಒಳಪಟ್ಟಿದ್ದವಾದ್ದರಿಂದ ಇದನ್ನು ತಪ್ಪಿಸಬೇಡಿ.

ಹಣ ಕೊಡುವ ಮುನ್ನ ಕಾರಿನ ಒಡೆತನದ ದಾಖಲೆಯಾದ ಟೈಟಲ್ ಪತ್ರವನ್ನು ಕೈಯಲ್ಲಿ ಹಿಡಿದು ಓದಿರಿ. ಕಿತ್ತಳೆ ಬಣ್ಣದ ಪತ್ರ ಸ್ಯಾಲ್ವೇಜ್ ಕಾರಿನದು, ಅಂದರೆ ಭಾರಿ ಹಾನಿಗೊಳಗಾದ ಕಾರಿನದು, ಅದನ್ನು ಮುಟ್ಟಬೇಡಿ. ಟೈಟಲ್ಲಿನಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ ಬೇಕು. ಕಳೆದ ಚಳಿಗಾಲದಲ್ಲಿ ನಮ್ಮ ಸದಸ್ಯರೊಬ್ಬರು, ಪತ್ರ ಅಂಚೆಯಲ್ಲಿ ಬರುತ್ತದೆ ಎಂಬ ಮಾತು ನಂಬಿ ಹಣ ಕೊಟ್ಟು, ಐದು ವಾರ ಕಾರನ್ನು ಮನೆಯ ಮುಂದೆ ಹಿಮದಡಿ ನಿಲ್ಲಿಸಿಕೊಂಡಿದ್ದರು. ಟೈಟಲ್ಲನ್ನು 15 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಗ ಶೇ 6ರ ತೆರಿಗೆ ಕಟ್ಟಬೇಕಾಗುವುದರಿಂದ ಆ ಹಣವನ್ನು ಮೊದಲೇ ಎತ್ತಿಡಿ. ಇಲ್ಲಿ ನಂಬರ್ ಪ್ಲೇಟ್ ಕಾರಿನೊಂದಿಗೆ ಬರುವುದಿಲ್ಲ, ಮಾರಿದವರು ಬಿಚ್ಚಿಕೊಂಡು ಹೋಗುತ್ತಾರೆ. ಅದಕ್ಕೇ ವಿಮೆಯನ್ನು ಹಿಂದಿನ ದಿನವೇ ಮಾಡಿಸಿ, ವಾಹನ ನೋಂದಣಿ ನಡೆಯುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಮುಂಗಡ ಸಮಯ ಗೊತ್ತುಪಡಿಸಿಕೊಂಡು, ಮಾರುವವರನ್ನೂ ಜೊತೆಗೆ ಕರೆದೊಯ್ದು ಕೌಂಟರಿನ ಎದುರೇ ಸಹಿ ಹಾಕಿಸಿ ಹಣ ಕೊಡಿ. ಹೊಸ ಪ್ಲೇಟನ್ನು ಅಲ್ಲಿಯ ಪಾರ್ಕಿಂಗಿನಲ್ಲೇ ಕೂರಿಸಬೇಕಾಗುವುದರಿಂದ ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ.