ಆರಡಿ-ನಾಲ್ಕಡಿ ಟ್ರೇಲರಿನಲ್ಲಿ ಗಿಬ್ ರಿವರ್ ರಸ್ತೆ: ನನ್ನ ಅನುಭವ

ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿಯಿಂದ ಕುನುನುರಾ ಕಡೆಗೆ ಸಾಗುವ ಸುಮಾರು 660 ಕಿ.ಮೀ. ಉದ್ದದ ಗಿಬ್ ರಿವರ್ ರಸ್ತೆಗೆ ಆರಡಿ-ನಾಲ್ಕಡಿಯ ಹಳೆಯ ಬಾಕ್ಸ್ ಟ್ರೇಲರನ್ನು ಎಳೆದುಕೊಂಡು ಹೋಗುತ್ತೇನೆಂದಾಗ ಪರ್ತ್‌ನ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ಮೂವತ್ತು ಸಾವಿರ ಡಾಲರ್ ತೆತ್ತು ಸಿದ್ಧ ಆಫ್‌ರೋಡ್ ಕ್ಯಾಂಪರ್ ಕೊಳ್ಳಬೇಕು, ಇಲ್ಲವೇ ಟೆಂಟಿಗೆ ತೃಪ್ತಿಪಡಬೇಕು ಎಂಬುದು ಅವರ ತೀರ್ಪಾಗಿತ್ತು. ಕಳೆದ ಒಣ ಋತುವಿನಲ್ಲಿ ಅದೇ ಟ್ರೇಲರ್ ಒಂಬತ್ತು ದಿನಗಳಲ್ಲಿ ಆ ರಸ್ತೆಯನ್ನು ಮುಗಿಸಿ, ಕೀಲುಗಳಲ್ಲಿ ಕೂರುವ ಎರಡು ರಬ್ಬರ್ ಬುಷ್‌ಗಳ ಹೊರತು ಬೇರೇನನ್ನೂ ಕಳೆದುಕೊಳ್ಳದೆ ಮರಳಿತು.

ಮೊದಲ ಸಲ ಮಾತ್ರ ಪೂರ್ತಿ ಸೋತಿದ್ದೆ. ಆರುನೂರು ಡಾಲರಿಗೆ ಟ್ರೇಲರ್ ಕೊಂಡು, ಎಲ್ಲರಂತೆ ನಾನೂ ಕಬ್ಬಿಣ ಸೇರಿಸುತ್ತಲೇ ಹೋದೆ. ಏಳು ಪಟ್ಟಿಯ ಲೀಫ್ ಸ್ಪ್ರಿಂಗ್, ಉಕ್ಕಿನ ಡ್ರಾಯರುಗಳು, ಟ್ರೇಲರನ್ನು ಕಾರಿಗೆ ಜೋಡಿಸುವ ಉದ್ದ ದಂಡಕ್ಕೆ, ಅಂದರೆ ಡ್ರಾಬಾರಿಗೆ, ಅಡ್ಡಲಾಗಿ ವೆಲ್ಡ್ ಮಾಡಿದ ದಪ್ಪ ಪ್ಲೇಟು. ಮಂಡ್ಯದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳನ್ನು ನೋಡಿ ಬೆಳೆದ ನನಗೆ ಗಟ್ಟಿತನವೆಂದರೆ ಅದೇ ಆಗಿತ್ತು. ಅದೇ ರಾಜ್ಯದ ಮೌಂಟ್ ಅಗಸ್ಟಸ್ ಬೆಟ್ಟದ ಕಡೆಯ ಮಣ್ಣು ರಸ್ತೆಯ ಕಾರುಗೇಷನ್ನಿನ (ಅಲೆಯಲೆಯಾದ ಉಬ್ಬುತಗ್ಗುಗಳ) ಮೇಲೆ ಎರಡನೆಯ ದಿನವೇ ಡ್ರಾಬಾರ್ ಆ ಅಡ್ಡ ವೆಲ್ಡಿನ ಅಂಚಿನಲ್ಲೇ ಬಿರುಕು ಬಿಟ್ಟಿತು. ಅದೇ ಸಂಜೆ ಕಾರಿನ ಟೈರುಗಳಿಂದ ಸಿಡಿದ ಕಲ್ಲೊಂದು ಟ್ರೇಲರಿನ ಮುಂಭಾಗಕ್ಕೆ ಬಡಿದು, ಪುಟಿದು ಬಂದು ನನ್ನ ಟೊಯೋಟಾ ಪ್ರಾಡೊ ಕಾರಿನ ಹಿಂದಿನ ಗಾಜನ್ನು ಪುಡಿ ಮಾಡಿತು. ಗಾಜಿಗೆ ಏಳುನೂರು ಡಾಲರಿನಷ್ಟಾಯಿತು; ದನಗಳ ಸ್ಟೇಷನ್ನೊಂದರಲ್ಲಿ (ದನ ಸಾಕುವ ದೊಡ್ಡ ಜಮೀನಿನಲ್ಲಿ) ಬಿರುಕನ್ನು ಬೆಸೆದುಕೊಟ್ಟವರು ಹಣ ಮುಟ್ಟದೆ ಒಂದು ಪೆಟ್ಟಿಗೆ ಬಿಯರ್ ಇಳಿಸಿಕೊಂಡರು.

ಮನೆಗೆ ಬಂದು ವೇಬ್ರಿಜ್ ಹತ್ತಿಸಿದಾಗ ನೀರು, ಸಾಮಾನು ಸಮೇತ 890 ಕೆ.ಜಿ. ತೂಗಿತು. ಇಲ್ಲಿ 750 ಕೆ.ಜಿ. ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ, ನನ್ನದಕ್ಕೆ ಬ್ರೇಕೇ ಇರಲಿಲ್ಲ. ಸೇರಿಸಿದ ಕಬ್ಬಿಣವನ್ನೆಲ್ಲ ಕಿತ್ತುಹಾಕಲು ನಿರ್ಧರಿಸಿದ್ದು ಅಂದೇ. ಡ್ರಾಯರುಗಳನ್ನು ಪ್ಲೈವುಡ್ಡಿನಲ್ಲಿ ಮಾಡಿಸಿದೆ. ಏಳು ಪಟ್ಟಿಯ ಬದಲು ನಾಲ್ಕು ಪಟ್ಟಿಯ ಸ್ಪ್ರಿಂಗ್ ಹಾಕಿ, ಜೊತೆಗೆ ಒಂದು ಜೋಡಿ ಶಾಕ್ ಅಬ್ಸಾರ್ಬರ್ ಕೂರಿಸಿದೆ. ಹೊಸ ಡ್ರಾಬಾರನ್ನು ಒಂದು ಮೊಳದಷ್ಟು ಉದ್ದ ಮಾಡಿ, ಪೆಟ್ಟಿಗೆಯ ಅಡಿಯಲ್ಲಿ ಆಕ್ಸಲ್‌ವರೆಗೂ ಓಡಿಸಿ, ಒಂದೂ ಅಡ್ಡ ವೆಲ್ಡ್ ಇಲ್ಲದಂತೆ ಕಟ್ಟಿಸಿದೆ. ಆಕ್ಸಲ್ 45 ಮಿ.ಮೀ. ಚೌಕದ್ದು, ಹಬ್ ಪ್ರಾಡೊದಂತೆಯೇ ಆರು ಸ್ಟಡ್‌ನದು, 139.7 ಮಿ.ಮೀ. ಪಿಸಿಡಿ (ಆ ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ). ಟ್ರೇಲರಿನ ಚಕ್ರಗಳು ಕಾರಿನ ಜಾಡಿನಲ್ಲೇ ಉರುಳುವಂತೆ ಅಗಲವನ್ನು ಹೊಂದಿಸಿ, ಟೈರನ್ನೂ ಅದೇ 265/65 ಆರ್17 ಇಟ್ಟದ್ದರಿಂದ ಸ್ಟೆಪ್ನಿಗಳು ಎರಡಕ್ಕೂ ಆದವು. ಎಲ್ಲ ಮುಗಿದಾಗ ತೂಕ ಹೆಚ್ಚುಕಡಿಮೆ 700 ಕೆ.ಜಿ., ಕಾರಿಗೆ ಕೊಂಡಿ ಹಾಕುವ ಹಿಚ್ಚಿನ ಮೇಲೆ ಬೀಳುವ ಭಾರ ಎಪ್ಪತ್ತು.

ಹೆಚ್ಚು ಫಲ ಕೊಟ್ಟದ್ದು ಬಿಡಿಗಾಸಿನ ಖರ್ಚಿಲ್ಲದ ಕೆಲಸ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 28 ಪಿಎಸ್‌ಐ ಇಟ್ಟು, ಟ್ರೇಲರಿನದನ್ನು 20ಕ್ಕೆ ಇಳಿಸಿದೆ. ಟೈರ್ ಹರಿದುಹೋಗುತ್ತದೆಂದು ಹೆದರಿಸಿದವರುಂಟು. ಗಂಟೆಗೆ ಅರವತ್ತು ಕಿ.ಮೀ. ದಾಟದೆ ಓಡಿಸಿದ್ದರಿಂದ ನನ್ನ ಟೈರಿಗೆ ಏನೂ ಆಗಲಿಲ್ಲ. ತಾಸಿಗೊಮ್ಮೆ ನಿಲ್ಲಿಸಿ ಶಾಕ್ ಅಬ್ಸಾರ್ಬರನ್ನು ಮುಟ್ಟಿ ನೋಡುತ್ತಿದ್ದೆ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಚಹಾ ಕಾಯಿಸುವ ಹೊತ್ತು.

ಕಲ್ಲಿಗೆ ಮೊದಲು ಅಲ್ಯುಮಿನಿಯಂ ಹಾಳೆ ಅಡ್ಡ ಕಟ್ಟಿದ್ದೆ, ಅದರಿಂದಲೂ ಕಲ್ಲು ಪುಟಿಯಿತು. ಕೊನೆಗೆ ನಮ್ಮ ನರ್ಸರಿಗಳಲ್ಲಿ ಕಟ್ಟುವಂಥ ಶೇಡ್ ನೆಟ್ಟನ್ನೇ ಎರಡು ಪದರ ಮಾಡಿ, ಡ್ರಾಬಾರಿನ ಮೇಲೆ ಓರೆಯಾಗಿ, ತುಸು ಸಡಿಲ ಬಿಟ್ಟು ಕಟ್ಟಿದಾಗ ಕಲ್ಲುಗಳು ಅದಕ್ಕೆ ತಗಲಿ ಸತ್ತು ಬಿದ್ದವು. ಖರ್ಚು ನಲವತ್ತು ಡಾಲರ್.

ಧೂಳಿನೊಂದಿಗೆ ಮೂರು ಸಲ ಸೆಣಸಿದೆ. ಮುಚ್ಚಿದ ಡಬ್ಬಿಯೊಳಗಿನ ಅವಲಕ್ಕಿಯೂ ಕೆಂಪಾಗಿತ್ತು. ಮುಚ್ಚಳದ ಮೇಲೆ ಮುಂದಕ್ಕೆ ಬಾಯಿ ತೆರೆದ, ಸ್ಪಂಜಿನ ಫಿಲ್ಟರ್ ಇರುವ ಗಾಳಿಗಿಂಡಿಯನ್ನು ಕೂರಿಸಿ ಒಳಗಿನ ಒತ್ತಡವನ್ನು ಹೆಚ್ಚಿಸಿದ ಮೇಲೆ ಮುಕ್ಕಾಲು ಭಾಗ ನಿಂತಿತು. ಉಳಿದ ಕಾಲು ಭಾಗ ಹಿಂಬಾಗಿಲಿನ ಕೆಳಮೂಲೆಗಳಿಂದ ನುಗ್ಗುತ್ತಿತ್ತು. ಅಲ್ಲಿಗೆ ನಾನು ತುಂಬಿದ ವಸ್ತು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 1890ರ ದಶಕದ ಚಿನ್ನದ ಗಣಿಗಾರರು ಬಳಸುತ್ತಿದ್ದ, ಒದ್ದೆ ಗೋಣಿತಟ್ಟು ಸುತ್ತಿದ ಕೂಲ್‌ಗಾರ್ಡಿ ಪೆಟ್ಟಿಗೆಯನ್ನು ಟ್ರೇಲರಿನ ಪಕ್ಕಕ್ಕೆ ಕಟ್ಟಿ ಮೊಸರಿಟ್ಟೆ. ನಿಂತಲ್ಲಿ ಚೆನ್ನಾಗಿ ತಂಪಾಗುತ್ತಿತ್ತು. ಓಡುವಾಗ ಗೋಣಿಗೆ ಧೂಳು ಮೆತ್ತಿ ಇಟ್ಟಿಗೆಯಂತಾಯಿತು. ಮರುದಿನವೇ ಬಿಚ್ಚಿ, 40 ಲೀಟರಿನ ಫ್ರಿಜ್ಜಿಗೆ ಮರಳಿದೆ.

ಪೆಂಟಿಕಾಸ್ಟ್ ನದಿಯಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ಇಳಿದು ಆಳ ನೋಡುವಂತಿಲ್ಲ. ಮುಂದಿನ ಗಾಡಿ ದಾಟುವುದನ್ನು ನೋಡುತ್ತ ಇಪ್ಪತ್ತು ನಿಮಿಷ ದಡದಲ್ಲೇ ನಿಂತೆ. ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದರೆ ಬೇರಿಂಗಿನೊಳಕ್ಕೆ ನೀರು ಹೀರಿಕೊಳ್ಳುತ್ತದೆ. ಕುನುನುರಾದಲ್ಲಿ ಬಿಚ್ಚಿದಾಗ ಗ್ರೀಸ್ ಹಾಕಿದ ಬಣ್ಣದಲ್ಲೇ ಇತ್ತು. ಒಡೆದ ಗಾಜನ್ನೂ ಸೇರಿಸಿದರೆ ಒಟ್ಟು ಖರ್ಚು ಏಳು ಸಾವಿರ ಡಾಲರಿನ ಆಸುಪಾಸು. ಸವೆದ ಆ ಎರಡು ಬುಷ್‌ಗಳ ಜಾಗಕ್ಕೆ ಈಗ ಪಾಲಿಯುರೆಥೇನ್‌ನವನ್ನು ಹಾಕಿದ್ದೇನೆ.