ಪ್ಲೇಟಿಂಗ್‌ಗೆ ಹೋದ ಮಾಲು ಎಲ್ಲಿದೆ?

ಪೀಣ್ಯದಲ್ಲಿ ಆಟೋ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಪ್ಲಾನಿಂಗ್ ನನ್ನ ಕೆಲಸ. ಬುಷ್ ಅಂದರೆ ಉಕ್ಕಿನ ಸಣ್ಣ ಕೊಳವೆಯಂಥ ಭಾಗ, ಅದನ್ನು ಲೇತ್‌ನಲ್ಲಿ ಕಡೆಯುವ ಟರ್ನಿಂಗ್ ನಮ್ಮಲ್ಲೇ. ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್, ಸತುವಿನ ಲೇಪ ಕೊಡುವ ಜಿಂಕ್ ಪ್ಲೇಟಿಂಗ್ ಹೊರಗೆ. ಹಾಗಾಗಿ ಮಾಲು ನಮ್ಮ ಶೆಡ್‌ನಲ್ಲಿರುವುದಕ್ಕಿಂತ ಬೇರೆಯವರ ಶೆಡ್‌ನಲ್ಲಿರುವುದೇ ಜಾಸ್ತಿ.

ಮಾಲು ಎಲ್ಲಿದೆ ಅಂತ ತಿಳಿಯೋಕೆ ನಮಗೂ ಹೊರಗಿನವರಿಗೂ ಒಂದೇ ಸಾಫ್ಟ್‌ವೇರ್ ಹಾಕಿಸೋಣ ಅಂತ ಮಾತು ಬಂದಾಗ ನಾನು ಬೇಡ ಅಂದೆ. ನಮ್ಮೊಳಗೇ ಲೆಕ್ಕ ಕೂಡುತ್ತಿರಲಿಲ್ಲ. ಸ್ಟೋರ್ಸ್‌ನವರು ಕೆಜಿ ಅನ್ನೋರು, ಪ್ರೊಡಕ್ಷನ್‌ನವರು ಪೀಸ್ ಅನ್ನೋರು. ಪಾರ್ಟ್ ನಂಬರ್ ಒಂದೇ ಮಾಡಿ, ಪ್ರತಿ ಹಂತದಲ್ಲೂ ಒಂದು ಪೀಸ್ ಎಷ್ಟು ತೂಗುತ್ತೆ ಅಂತ ಬರೆದಿಟ್ಟೆವು.

ಹೊರಗಿನವರ ಜೊತೆ ಕೊಂಡಿಯಾಗಿದ್ದು ಡೆಲಿವರಿ ಚಲನ್, ಅಂದರೆ ಮಾಲಿನ ಜೊತೆ ಹೋಗುವ ಚೀಟಿ. ಜಾಬ್ ವರ್ಕ್‌ಗೆ, ಅಂದರೆ ಹೀಗೆ ಹೊರಗೆ ಕೆಲಸ ಮಾಡಿಸೋಕೆ ಕಳಿಸಿದ ಮಾಲು ಜಿಎಸ್‌ಟಿ ಪ್ರಕಾರ 1 ವರ್ಷದೊಳಗೆ ವಾಪಸ್ ಬರಬೇಕು, ಚಲನ್ ಹೇಗೂ ಬರೆಯಲೇಬೇಕು. ಅದೇ ನಂಬರನ್ನು ಅವರ ಬಿನ್ ಕಾರ್ಡ್‌ನಲ್ಲೂ (ಮಾಲಿನ ಹತ್ತಿರ ಇಡುವ ಲೆಕ್ಕದ ಕಾರ್ಡ್) ವಾಪಸ್ ಚಲನ್‌ನಲ್ಲೂ ಬರೆಯಿರಿ ಅಂದೆವು. ಒಟ್ಟಿಗೆ ಕಳಿಸಿದ ಲಾಟ್‌ನಲ್ಲಿ ಅರ್ಧವೇ ವಾಪಸ್ ಬಂದರೂ ಅದೇ ನಂಬರ್.

ಆದರೂ ಪ್ಲೇಟಿಂಗ್ ತಡವಾಗುತ್ತಿತ್ತು. ಹೋಗಿ ನಿಂತು ನೋಡಿದೆ. ಅವರದು ಬ್ಯಾರಲ್ ಪ್ಲೇಟಿಂಗ್, ಅಂದರೆ ತಿರುಗುವ ಪೀಪಾಯಿಗೆ ಮಾಲು ರಾಶಿ ಹಾಕಿ ಒಟ್ಟಿಗೆ ಲೇಪ ಕೊಡೋದು. ಬ್ಯಾರಲ್ ತುಂಬುವಷ್ಟು ಒಂದೇ ಥರದ ಮಾಲು ಸೇರೋವರೆಗೂ ನಮ್ಮ ಕ್ರೇಟ್‌ಗಳು ಮೂಲೆಯಲ್ಲಿ ಕೂತಿರುತ್ತಿದ್ದವು. ನಾವೋ, ದಿನಾ ಸಂಜೆ ಎಷ್ಟಾಗಿದೆಯೋ ಅಷ್ಟನ್ನು ಗಾಡಿಗೆ ಹಾಕುತ್ತಿದ್ದೆವು. ಇನ್ನೊಂದು ತೊಡಕೂ ಇತ್ತು. ಹಾರ್ಡ್ ಮಾಡಿದ ಬುಷ್‌ಗೆ ಜಿಂಕ್ ಹಾಕಿದ ಮೇಲೆ 4 ಗಂಟೆಯೊಳಗೆ ಓವನ್‌ನಲ್ಲಿ ಬೇಕಿಂಗ್‌ಗೆ ಇಡಬೇಕು ಅಂತ ಡ್ರಾಯಿಂಗ್‌ನಲ್ಲೇ ಇದೆ. ಇಲ್ಲದಿದ್ದರೆ ಪ್ಲೇಟಿಂಗ್ ಮಾಡುವಾಗ ಒಳಗೆ ಸೇರಿದ ಹೈಡ್ರೋಜನ್‌ನಿಂದ ಉಕ್ಕು ಆಮೇಲೆ ಬಿರುಕು ಬಿಡಬಹುದು. ಓವನ್ ಆಪರೇಟರ್ ಇರುವುದು ಹಗಲಲ್ಲಿ ಮಾತ್ರ. ಸಂಜೆ ಹೋದ ಮಾಲನ್ನು ಅವರು ಮುಟ್ಟದೇ ಇದ್ದಿದ್ದು ಸರಿಯೇ ಅಲ್ವಾ? ನಮ್ಮ ಲಾಟ್ ಅಳತೆಯನ್ನು ಒಂದು ಬ್ಯಾರಲ್‌ಗೆ ಹೊಂದಿಸಿದೆವು, ಗಾಡಿಯನ್ನು ಬೆಳಿಗ್ಗೆಗೆ ಬದಲಾಯಿಸಿದೆವು.

ಗ್ರಾಹಕರಿಗೆ ಯಾವಾಗ ಎಷ್ಟು ಬೇಕು ಅನ್ನೋ ಶೆಡ್ಯೂಲನ್ನು ಪ್ಲೇಟಿಂಗ್‌ನವರಿಗೂ ತೋರಿಸೋಣ ಅಂದಾಗ ನಮ್ಮ ಓನರ್ ಒಪ್ಪಲಿಲ್ಲ. "ಪಾರ್ಟಿ ಯಾರೂಂತ ಗೊತ್ತಾದ್ರೆ ನೇರವಾಗಿ ಹೋಗಿಬಿಡ್ತಾರೆ ಕಣ್ರೀ" ಅಂದರು. ಭಯ ಸುಮ್ನೆ ಅಲ್ಲ. ಹೆಸರು, ರೇಟು ತೆಗೆದು, ಮುಂದಿನ ಕೆಲವು ವಾರದ ಪೀಸ್ ಲೆಕ್ಕ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸತೊಡಗಿದೆ. ಅವರಿಗೆ ಅಷ್ಟೇ ಸಾಕಿತ್ತು.

ಚಲನ್ ನಂಬರ್ ಬರೆಯೋದನ್ನು ಮಾತ್ರ ಅವರ ಹುಡುಗರು ಆಗಾಗ ಮರೆಯುತ್ತಿದ್ದರು. ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಆದರೆ ಚಲನ್‌ಗೆ ತಾಳೆಯಾಗದ ಬಿಲ್ ನಮ್ಮ ಅಕೌಂಟ್ಸ್ ಟೇಬಲ್ ಮೇಲೇ ಉಳಿಯುತ್ತಿತ್ತು. ತಾಳೆಯಾದ ಬಿಲ್ ಅದೇ ವಾರ ಪಾಸ್ ಮಾಡ್ತೀವಿ ಅಂತ ಅಕೌಂಟ್ಸ್‌ನವರಿಂದ ಹೇಳಿಸಿದೆ. ಈಗ ನಂಬರ್ ಬಿಟ್ಟುಹೋದರೆ ಪ್ಲೇಟಿಂಗ್ ಓನರೇ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ.